ಮಗಳಿಗೊಂದು ಪತ್ರ: ಹೂಂ ಅನ್ನುವ ಮೊದಲು ಸಬಾತಿಯಾ ಕೇಳಿದ್ದು

ಪ್ರೀತಿಯ ಪುಟ್ಟಿ,

ನ್ಯೂಯಾರ್ಕಿನ ಕಂಪನಿಯವರು ಸಂಬಳ ಏರಿಸಿ ಎರಡನೇ ಸಲ ಪತ್ರ ಕಳಿಸಿದರೂ ಹೂಂ ಅನ್ನಲು ಮನಸ್ಸು ಬರುತ್ತಿಲ್ಲ ಎಂದೆಯಲ್ಲ, ಅದನ್ನು ಕೇಳಿ ನಿಮ್ಮಪ್ಪನಿಗೆ ಗಾಬರಿಯಾಗಿದೆ. ನನಗೆ ಆಗಿಲ್ಲ. ನನಗೆ ಥಟ್ಟನೆ ನೆನಪಾದದ್ದು ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರ್ ಸಿ.ಸಿ. ಸಬಾತಿಯಾ.

ಚಿಕ್ಕವಳಿದ್ದಾಗ ಅವನ 52ನೇ ನಂಬರಿನ ಅಂಗಿ ತೊಟ್ಟೇ ಮಲಗುತ್ತಿದ್ದೆ ನೀನು. ಅವನು ನ್ಯೂಯಾರ್ಕಿನ ಯಾಂಕೀಸ್ ತಂಡ ಸೇರಿದ ಸುದ್ದಿ ಬಂದಾಗ ಅದನ್ನು ಬೀರುವಿನ ತಳಕ್ಕೆ ತುರುಕಿ, ದುಡ್ಡಿಗಾಗಿ ಹೋದ ಅಂತ ಅತ್ತೆ. ಕ್ಲೀವ್ಲೆಂಡಿನಲ್ಲಿ ಎಷ್ಟೋ ಮಂದಿ ಹಾಗೇ ಹೇಳುತ್ತಿದ್ದರು. ಆದರೆ 2008ರ ಜುಲೈನಲ್ಲಿ ಅವನನ್ನು ಮಿಲ್ವಾಕಿ ತಂಡಕ್ಕೆ ಕೊಟ್ಟದ್ದು ನಮ್ಮ ಕ್ಲೀವ್ಲೆಂಡ್ ತಂಡವೇ. ನ್ಯೂಯಾರ್ಕಿಗೆ ಹೋಗುವುದಕ್ಕೆ ಅವನೇನೂ ತುದಿಗಾಲಲ್ಲಿ ನಿಂತಿರಲಿಲ್ಲ.

ಮಿಲ್ವಾಕಿಯ ಆ ಮೂರು ತಿಂಗಳನ್ನು ಮೊದಲು ಹೇಳಬೇಕು. ಸೀಸನ್ ಮುಗಿದರೆ ಅವನು ಫ್ರೀ ಏಜೆಂಟ್, ಬೇಕಾದ ತಂಡಕ್ಕೆ ಹೋಗಬಹುದು. ಮುಂದಿನ ಕಾಂಟ್ರ್ಯಾಕ್ಟ್ ಪೂರಾ ಆ ಎಡಗೈ ಮೇಲೇ ನಿಂತಿತ್ತು. ಕೈಗೆ ಪೆಟ್ಟಾಗದ ಹಾಗೆ ನಾಜೂಕಾಗಿ ಆಡಿಕೊಂಡು ಹೋಗಬಹುದಿತ್ತು. ಪಿಚರ್‌ಗೆ ಸಾಮಾನ್ಯವಾಗಿ ನಾಲ್ಕು ದಿನ ವಿಶ್ರಾಂತಿ ಬೇಕು. ಇವನು ಸೀಸನ್ನಿನ ಕೊನೆಯ ಮೂರು ಪಂದ್ಯಗಳಿಗೂ ಮೂರೇ ದಿನ ಬಿಟ್ಟು ಇಳಿದ. ಕೊನೆಯದರಲ್ಲಿ ಶಿಕಾಗೋದ ಕಬ್ಸ್ ತಂಡದ ಎದುರು ಒಂಬತ್ತೂ ಇನ್ನಿಂಗ್ ಒಬ್ಬನೇ ಎಸೆದು 3-1ರಲ್ಲಿ ಗೆಲ್ಲಿಸಿದ. 1982ರ ನಂತರ ಆ ಊರು ಪ್ಲೇಆಫ್ ಕಂಡದ್ದು ಆಗಲೇ. ಬಿಟ್ಟು ಹೋಗುವ ಮನೆಯ ಕೆಲಸವನ್ನು ಹಾಗೆ ಮಾಡಿಕೊಟ್ಟವನನ್ನು ದುಡ್ಡಿನವನು ಎನ್ನಲು ನನಗೆ ಬಾಯಿ ಬರುವುದಿಲ್ಲ. ನೀನೂ ಆ ಸೇತುವೆಯ ಡ್ರಾಯಿಂಗ್ ಮುಗಿಸಿಯೇ ಹೊರಡುತ್ತೇನೆ ಎಂದದ್ದು ಕೇಳಿ ನನಗೆ ಬಹಳ ಹೆಮ್ಮೆಯಾಯಿತು.

ಯಾಂಕೀಸ್ ಕೇಳಿದ್ದು ಆ ನವೆಂಬರಿನಲ್ಲೇ: ಆರು ವರ್ಷಕ್ಕೆ 14 ಕೋಟಿ ಡಾಲರ್. ಅಷ್ಟು ದೊಡ್ಡ ಮೊತ್ತದ ಕಾಂಟ್ರ್ಯಾಕ್ಟ್ ಅಲ್ಲಿಯವರೆಗೆ ಯಾವ ಪಿಚರ್‌ಗೂ ಸಿಕ್ಕಿರಲಿಲ್ಲ. ಅವನು ವಾರಗಟ್ಟಲೆ ಹೂಂ ಅನ್ನಲಿಲ್ಲ. ಹುಟ್ಟಿದ್ದು ಕ್ಯಾಲಿಫೋರ್ನಿಯಾದ ವಲೇಹೋದಲ್ಲಿ, ಮನೆ ಅಲ್ಲೇ, ಹೆಂಡತಿ ಮಕ್ಕಳು ಅಲ್ಲೇ. ಜೊತೆಗೆ ಯಾಂಕೀಸ್ ಆಟಗಾರರಲ್ಲಿ ಹೊಂದಾಣಿಕೆ ಇಲ್ಲ ಎಂಬ ಮಾತೂ ಅವನ ಕಿವಿಗೆ ಬಿದ್ದಿತ್ತು. ತಂಡದ ಜನರಲ್ ಮ್ಯಾನೇಜರ್ ಬ್ರಯನ್ ಕ್ಯಾಶ್‌ಮನ್ ಲಾಸ್ ವೇಗಸ್‌ನಲ್ಲಿ ನಡೆಯುತ್ತಿದ್ದ ಸಭೆ ಬಿಟ್ಟು ವಿಮಾನ ಹತ್ತಿ ವಲೇಹೋದ ಮನೆಗೇ ಬಂದ. ಹೆಂಡತಿ ಅಂಬರ್ ಎದುರಿಗೇ ಮಾತುಕತೆ. ಡ್ರೆಸ್ಸಿಂಗ್ ರೂಮಿನ ವಿಷಯವನ್ನು ಸಬಾತಿಯಾ ನೇರವಾಗಿಯೇ ಕೇಳಿದ. ಕ್ಯಾಶ್‌ಮನ್ ಅದನ್ನು ಅಲ್ಲಗಳೆಯಲಿಲ್ಲ, ಅದನ್ನು ಸರಿಮಾಡಲಿಕ್ಕೂ ನೀನು ಬೇಕು ಎಂದ.

ಈ ಭಾಗವೇ ನನಗೆ ಎಲ್ಲಕ್ಕಿಂತ ಇಷ್ಟ. ಆರೂವರೆ ಅಡಿ ಎತ್ತರದ ಆಳು, ಹಿಂದಿನ ವರ್ಷ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು, ಅಳುಕನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಹಿ ಹಾಕಲಿಲ್ಲ. ಎದುರಿಗೆ ಕೂರಿಸಿ ಕೇಳಿದ, ಉತ್ತರ ಬಂದ ಮೇಲೇ ಒಪ್ಪಿದ. ಕಾಂಟ್ರ್ಯಾಕ್ಟ್ ಏಳು ವರ್ಷಕ್ಕೆ 16.1 ಕೋಟಿ ಡಾಲರಿಗೆ ಏರಿತು. ಮೂರು ವರ್ಷವಾದ ಮೇಲೆ ಬೇಡವೆನಿಸಿದರೆ ಬಿಟ್ಟು ಹೋಗಬಹುದು ಎಂಬ ಷರತ್ತೂ ಸೇರಿತು. ಮೂರು ವರ್ಷವಾದಾಗ ಅವನು ಹೋಗಲಿಲ್ಲ, ಕಾಂಟ್ರ್ಯಾಕ್ಟನ್ನೇ ಮುಂದುವರಿಸಿಕೊಂಡ. ಅಷ್ಟು ಹೊತ್ತಿಗೆ ಸಂಸಾರ ನ್ಯೂಜೆರ್ಸಿಯಲ್ಲಿ ಬೇರೂರಿತ್ತು.

ಮೊದಲ ದಿನವೇ ಎಲ್ಲರ ಬಾಯಿ ಮುಚ್ಚಿಸಬೇಕು ಅನ್ನುವ ನಿನ್ನ ಹಟ ಮಾತ್ರ ನನಗೆ ಒಪ್ಪಿಗೆಯಿಲ್ಲ. 2009ರ ಏಪ್ರಿಲ್ 6, ಬಾಲ್ಟಿಮೋರ್‌ನಲ್ಲಿ ಯಾಂಕೀಸ್ ಪರ ಅವನ ಮೊದಲ ಪಂದ್ಯ. ಐದನೇ ಇನ್ನಿಂಗ್ ದಾಟುವ ಮೊದಲೇ ಆರು ರನ್ ಕೊಟ್ಟ. ಗುರಿತಪ್ಪಿದ ಎಸೆತಗಳಿಂದ ಐವರಿಗೆ ಪುಕ್ಕಟೆ ಬೇಸ್ ಕೊಟ್ಟ. ಎಸೆತದಿಂದಲೇ ಬ್ಯಾಟರನ್ನು ಔಟ್ ಮಾಡುವ ಸ್ಟ್ರೈಕ್‌ಔಟ್ ಒಂದೂ ಇಲ್ಲ. ಅಷ್ಟು ದುಡ್ಡು ಸುರಿದವರ ಎದುರಿಗೆ! ಹತ್ತು ದಿನ ಕಳೆದು ಹೊಸ ಯಾಂಕೀ ಸ್ಟೇಡಿಯಂನ ಮೊದಲ ಪಂದ್ಯವನ್ನೂ ಅವನೇ ಶುರುಮಾಡಿದ, ಅದೂ ನಮ್ಮ ಕ್ಲೀವ್ಲೆಂಡ್ ಎದುರು, ಹಳೆಯ ಜೊತೆಗಾರ ಕ್ಲಿಫ್ ಲೀ ಎದುರು. 122 ಎಸೆತ, ಕೊಟ್ಟದ್ದು ಒಂದೇ ರನ್. ಆದರೂ ಅವನು ಹೊರಗೆ ಬಂದ ಮೇಲೆ ತಂಡ 10-2ರಲ್ಲಿ ಸೋತಿತು. ಒಂದು ದಿನ ತಾನೇ ಕೆಟ್ಟದಾಗಿ ಆಡಿದ, ಇನ್ನೊಂದು ದಿನ ಅವನು ಚೆನ್ನಾಗಿ ಆಡಿಯೂ ತಂಡ ಸೋತಿತು. ಆ ವರ್ಷ ಮುಗಿಯುವಾಗ 19 ಗೆಲುವು, ಏಂಜಲ್ಸ್ ವಿರುದ್ಧದ ಲೀಗ್ ಫೈನಲ್‌ನಲ್ಲಿ ಎಂವಿಪಿ ಅಂದರೆ ಅತ್ಯುತ್ತಮ ಆಟಗಾರ, ನವೆಂಬರ್ 4ಕ್ಕೆ ಬೇಸ್‌ಬಾಲಿನ ಅಂತಿಮ ಕಿರೀಟ ವರ್ಲ್ಡ್ ಸೀರೀಸ್. ಈಚಿನ ಜಪಾನಿ ಪಿಚರ್ ಯಮಾಮೊಟೊನದೂ ಅದೇ ಕತೆ: ಲಾಸ್ ಏಂಜಲೀಸಿನ ಡಾಜರ್ಸ್ ಪರ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಮೊದಲ ಪಂದ್ಯ, ಒಂದೇ ಇನ್ನಿಂಗ್‌ನಲ್ಲಿ ಐದು ರನ್. 2025ರ ವರ್ಲ್ಡ್ ಸೀರೀಸ್ ಎಂವಿಪಿ ಅವನೇ.

ಇನ್ನೊಂದು ವಿಷಯ, ನಿಮ್ಮಪ್ಪ ಬರೆಯಬೇಡ ಎಂದರೂ ಬರೆಯುತ್ತೇನೆ. 2015ರ ಅಕ್ಟೋಬರಿನಲ್ಲಿ, ಪ್ಲೇಆಫ್ ಪಂದ್ಯದ ಹಿಂದಿನ ದಿನ, ಸಬಾತಿಯಾ ತಂಡ ಬಿಟ್ಟು ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದ. ನ್ಯೂಯಾರ್ಕ್ ಅವನನ್ನು ಹಾಳುಮಾಡಿತು ಎಂದು ನಾನು ಹೇಳುತ್ತಿಲ್ಲ, ಆ ಚಟ ಹಳೆಯದು ಎಂದು ಅವನೇ ಹೇಳಿಕೊಂಡಿದ್ದಾನೆ. ಆದರೆ ಇಡೀ ಊರು ನೋಡುತ್ತಿರುವಾಗ ನನಗೆ ಸಹಾಯ ಬೇಕು ಎಂದನಲ್ಲ, ಆ ಧೈರ್ಯ ದೊಡ್ಡದು. ವಾಪಸು ಬಂದು 2019ರವರೆಗೆ ಆಡಿದ. ಒಟ್ಟು 251 ಗೆಲುವು, 3,093 ಸ್ಟ್ರೈಕ್‌ಔಟ್. 2025ರಲ್ಲಿ ಮೊದಲ ಮತದಾನದಲ್ಲೇ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ, ಅಲ್ಲಿನ ಫಲಕದಲ್ಲೂ ಯಾಂಕೀಸ್ ಟೋಪಿಯೇ. ನ್ಯೂಯಾರ್ಕಿಗೆ ಹೋಗಿ ನಿನಗೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಎಲ್ಲ ಚೆನ್ನಾಗಿದೆ ಅಮ್ಮ ಎಂದು ಸುಳ್ಳು ಹೇಳಬೇಡ. ಎಷ್ಟು ಹೊತ್ತಿಗಾದರೂ ಫೋನ್ ಮಾಡು, ಬೆಳಗಾಗುವುದರೊಳಗೆ ಕಾರು ತೆಗೆದುಕೊಂಡು ಬರುತ್ತೇವೆ.

ಸದ್ಯಕ್ಕೆ ಮಾಡಬೇಕಾದದ್ದು ಒಂದೇ. ಆ ಆಫೀಸಿನಲ್ಲಿ ಹೊಸಬರ ಡ್ರಾಯಿಂಗನ್ನು ಹಿರಿಯರು ಕೂತು ನೋಡುತ್ತಾರೋ ಇಲ್ಲವೋ ಎಂಬ ಅನುಮಾನ, ಎರಡು ವರ್ಷದಲ್ಲಿ ವಾಪಸು ಬರಬೇಕೆನಿಸಿದರೆ ಏನು ಗತಿ ಎಂಬ ಹೆದರಿಕೆ. ನನ್ನ ಹತ್ತಿರ ಹೇಳಿದ ಇವೆರಡನ್ನೂ ಅವರ ಹತ್ತಿರವೇ ಕೇಳು. ಮೇಲ್‌ನಲ್ಲಿ ಬೇಡ, ಮುಖ ನೋಡಿ ಕೇಳು. ಶುಕ್ರವಾರಕ್ಕೆ ಉತ್ತರ ಕೊಡಬೇಕಲ್ಲ, ಗುರುವಾರ ರಾತ್ರಿ ಫೋನ್ ಮಾಡಿ ಅವರೇನಂದರು ಹೇಳು. ಅಪ್ಪನನ್ನೂ ಕೂರಿಸಿಕೊಂಡಿರುತ್ತೇನೆ.

ನಿನ್ನ
ಅಮ್ಮ