ಹತ್ತೊಂಬತ್ತು ಜನರ ಪಾರ್ಲಿಮೆಂಟು

ಜಾರ್ಜ್ ಟೌನ್, ಗ್ರ್ಯಾಂಡ್ ಕೇಮನ್

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನು ಆರಾಮ. ಮೊನ್ನೆ ಫೋನಿನಲ್ಲಿ "ಅಷ್ಟು ಸಣ್ಣ ಊರಿಗೆ ಪಾರ್ಲಿಮೆಂಟು ಬೇರೆ ಕೇಡು" ಅಂತ ನಕ್ಕಿರಲ್ಲ, ಉತ್ತರ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಪಂಚಾಯ್ತಿ ಮೆಂಬರ್ ಆಗಿದ್ದ ನಿಮಗೆ ಇಲ್ಲಿನ ಕಥೆ ಬರೆದೇ ಹೇಳಬೇಕು.

ಕೇಮನ್ ಅಂದರೆ ಕೆರಿಬಿಯನ್ ಸಮುದ್ರದ ಮೂರು ದ್ವೀಪ, ಒಟ್ಟು 264 ಚದರ ಕಿ.ಮೀ. ಬ್ರಿಟನ್ನಿನ ಅಧೀನ. ನಮ್ಮ ವಿಧಾನಸಭೆಗೆ 224 ಜನ, ಇಲ್ಲಿ ಆರಿಸಿ ಬರುವವರು 19. ಜನ 80 ಸಾವಿರ ದಾಟಿದ್ದಾರೆ, ಆದರೆ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬಂದವರು. ಹಾಗಾಗಿ ಒಂದು ಕ್ಷೇತ್ರಕ್ಕೆ ಸರಾಸರಿ ಸಾವಿರ ಚಿಲ್ಲರೆ ಮತ ಅಷ್ಟೇ. ಸೂಪರ್‌ಮಾರ್ಕೆಟ್ಟಿನಲ್ಲಿ ನಮ್ಮ ಕಡೆಯ ಸದಸ್ಯರು ತಳ್ಳುಗಾಡಿ ಹಿಡಿದು ಮೀನಿನ ಕೌಂಟರಿನ ಹತ್ತಿರ ನಿಂತಿದ್ದರು. ಒಬ್ಬಾಕೆ ಅವರ ಗಾಡಿಗೆ ತನ್ನ ಗಾಡಿ ಅಡ್ಡ ಹಾಕಿ, ಮನೆ ಮುಂದೆ ಮಳೆನೀರು ನಿಲ್ಲುವುದನ್ನು ಫೋನಿನಲ್ಲಿ ತೋರಿಸಿ ತೋರಿಸಿ ದಬಾಯಿಸಿದಳು. ಪಾಪ, ಅವರ ಐಸ್‌ಕ್ರೀಮು ಕರಗುತ್ತಿತ್ತು. ನಿಮ್ಮನ್ನು ಸಂತೆಯಲ್ಲಿ ಹಿಡಿಯುತ್ತಿದ್ದರಲ್ಲ, ಥೇಟ್ ಹಾಗೇ.

2025ರ ಏಪ್ರಿಲ್ 30ರ ಚುನಾವಣೆಯಲ್ಲಿ ದೊಡ್ಡ ಪಕ್ಷಕ್ಕೆ ಸಿಕ್ಕಿದ್ದು ಏಳೇ ಸೀಟು. ಉಳಿದ ಎರಡು ಪಕ್ಷಗಳು ಪಕ್ಷೇತರರನ್ನು ಸೇರಿಸಿಕೊಂಡು ಸರ್ಕಾರ ಮಾಡಿದವು, ಆಂಡ್ರೆ ಎಬ್ಯಾಂಕ್ಸ್ ಪ್ರೀಮಿಯರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದರು. ಊರ ತುಂಬ ರೆಸಾರ್ಟು; ಆದರೂ ಶಾಸಕರನ್ನು ಕೂಡಿಹಾಕಿದ ಸುದ್ದಿ ಕಿವಿಗೆ ಬೀಳಲಿಲ್ಲ!

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, "ಕೊನೇ ಮಾತು ಯಾರದ್ದು?" ವಿಷಯ ನಿಮಗೆ ಮುಜುಗರ ಅನ್ನಿಸಬಹುದು, ಪರವಾಗಿಲ್ಲ, ಓದಿ. ಸಲಿಂಗ ಜೋಡಿಗಳಿಗೆ ಮದುವೆಗೆ ಸಮನಾದ ಕಾನೂನಿನ ಮಾನ್ಯತೆ ಕೊಡಿ ಅಂತ 2019ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ಹೇಳಿತ್ತು. ಸರ್ಕಾರವೇ ಮಸೂದೆ ತಂದಿತು. 2020ರ ಜುಲೈನಲ್ಲಿ ಸಭೆ ಅದನ್ನು 9-8ರಲ್ಲಿ ಬೀಳಿಸಿತು. ಒಂದೇ ಒಂದು ಮತ! ಆಗ ಲಂಡನ್ನಿನ ಒಪ್ಪಿಗೆ ಪಡೆದು ಗವರ್ನರ್ ಮಾರ್ಟಿನ್ ರೋಪರ್, ಸಂವಿಧಾನದ 81ನೇ ವಿಧಿ ಹಿಡಿದು, ಸೆಪ್ಟೆಂಬರಿನಲ್ಲಿ ತಾವೇ ಕಾನೂನು ಮಾಡಿಬಿಟ್ಟರು. ನಮ್ಮಲ್ಲಿ ಸದನ ಪಾಸು ಮಾಡಿದ ಮಸೂದೆ ರಾಜಭವನದಲ್ಲಿ ಕೂತರೆ ಗಲಾಟೆ. ಇಲ್ಲಿ ಸದನ ಬೇಡ ಅಂದದ್ದೇ ಕಾನೂನಾಯಿತು.

ಆ ಕಾನೂನು ಸರಿ ಅಂತಲೇ ನನ್ನ ಅಭಿಪ್ರಾಯ. ಕೋರ್ಟು ಹೇಳಿದ ಮೇಲೂ ಸಭೆ ಕೈಕಟ್ಟಿ ಕೂತರೆ ಆ ಜೋಡಿಗಳು ಎಲ್ಲಿಗೆ ಹೋಗಬೇಕು? ಆದರೆ ಮತ ಹಾಕಿ ಕಳಿಸಿದವರಿಗೆ ಲಂಡನ್ನಿನಿಂದ ಬಂದ ಅಧಿಕಾರಿ ನಮ್ಮವರ ಮಾತನ್ನೇ ತಳ್ಳಿಹಾಕಿದನಲ್ಲ ಅಂತ ಉರಿದರೆ ಅದೂ ತಪ್ಪಲ್ಲ. ನಿಮ್ಮ ಠರಾವನ್ನು ತಾಲ್ಲೂಕು ಕಚೇರಿ ಮೂಲೆಗೆಸೆದಾಗ ನೀವು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ, ನನಗೆ ನೆನಪಿದೆ. ತಮಾಷೆ ಅಂದರೆ, ಅದೇ 2020ರ ಕೊನೆಗೆ ಸಂವಿಧಾನ ತಿದ್ದುಪಡಿಯಾಗಿ 81ನೇ ವಿಧಿಯೇ ಹೋಯಿತು. ಲೆಜಿಸ್ಲೇಟಿವ್ ಅಸೆಂಬ್ಲಿ ಅನ್ನುವ ಹೆಸರು ಹೋಗಿ ಪಾರ್ಲಿಮೆಂಟು ಆದದ್ದೂ ಆಗಲೇ. ಹಾಗಂತ ಲಂಡನ್ ಪೂರ್ತಿ ಕೈತೊಳೆದುಕೊಂಡಿಲ್ಲ. ರಕ್ಷಣೆ, ವಿದೇಶಾಂಗ ಈಗಲೂ ಗವರ್ನರ್ ಕೈಯಲ್ಲೇ.

ನನ್ನ ಸಂಬಳಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ. ಆಮದು ಸುಂಕ, ಕಂಪನಿಗಳ ಶುಲ್ಕ, ನಮ್ಮಂಥವರ ವರ್ಕ್ ಪರ್ಮಿಟ್ ಫೀ, ಇವುಗಳಲ್ಲೇ ಖಜಾನೆ ನಡೆಯುತ್ತದೆ. ನನ್ನ ಪರ್ಮಿಟ್ಟಿನ ನಿಯಮ ಬರೆಯುವುದೂ ಆ 19 ಜನರ ಸಭೆಯೇ, ನನಗೆ ಮಾತ್ರ ಅಲ್ಲಿ ವೋಟಿಲ್ಲ.

ಅಮ್ಮನಿಗೆ ಇದೊಂದು ಓದಿ ಹೇಳಿ: ಇಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದೇ 1950ರ ದಶಕದ ಕೊನೆಗೆ. ಸಿಬಿಲ್ ಮೆಕ್‌ಲಾಫ್ಲಿನ್ ಅನ್ನುವವರು 1959ರಲ್ಲಿ ಸಭೆಯ ಕ್ಲರ್ಕ್ ಆದರು. 1991ರಲ್ಲಿ ಅದೇ ಸಭೆಯ ಮೊದಲ ಸ್ಪೀಕರ್ ಆಗಿ ಕೂತರು.

ಅಂದಹಾಗೆ, ಊರಿನ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇದೆಯೋ, ತೆಗೆದಿದ್ದಾರೋ ನೋಡಿ ಹೇಳಿ. ತೆಗೆದಿದ್ದರೆ ಅನಿವಾಸಿಗಳ ಫಾರಂ 6ಎ ತುಂಬಿ ಕಳಿಸುತ್ತೇನೆ. ವೋಟು ಹಾಕಲು ಖುದ್ದು ಬರಬೇಕು, ಅದನ್ನು ರಜೆ ಸಿಕ್ಕಾಗ ನೋಡೋಣ.

ಇತಿ ನಿಮ್ಮ ಮಗ