ಮೊದಲ ಪಟ್ಟಣ ಆ ಒಣ ಜಾಗದಲ್ಲೇ ಯಾಕೆ? ಗೆಳೆಯನಿಗೊಂದು ಪತ್ರ

ಪ್ರಿಯ ಸತೀಶ,

ನೀನು ಕೇಳಿದ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿದೆ ಕಣೋ. ನದಿ ಇತ್ತು, ಫಲವತ್ತಾದ ಮಣ್ಣಿತ್ತು, ಅದಕ್ಕೇ ನಾಗರಿಕತೆ ಹುಟ್ಟಿತು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅಷ್ಟೇನಾ ಅಂದೆ. ಖಂಡಿತ ಅಷ್ಟೇ ಅಲ್ಲ. ನದಿ, ಮಣ್ಣು ಎರಡೂ ಇರುವ ಜಾಗ ಭೂಮಿ ಮೇಲೆ ಬೇಕಾದಷ್ಟಿವೆ.

ದಕ್ಷಿಣ ಇರಾಕನ್ನೇ ನೋಡು. ಕ್ರಿ.ಪೂ. 3300ರ ಸುಮಾರಿಗೆ ಅಲ್ಲಿನ ಉರುಕ್ ಪಟ್ಟಣದಲ್ಲಿ ಹತ್ತಾರು ಸಾವಿರ ಜನ ಇದ್ದರು. ಆದರೆ ಜಾಗ ಎಂಥದ್ದು? ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ. ಕಲ್ಲಿಲ್ಲ, ತೊಲೆಗಾಗುವಂಥ ಮರವಿಲ್ಲ, ಲೋಹವಂತೂ ಇಲ್ಲವೇ ಇಲ್ಲ. ನೈಲ್ ನದಿಯಾದರೆ ಬಿತ್ತನೆಗೆ ಮುಂಚೆ ಉಕ್ಕಿ ಹೊಲ ನೆನೆಸಿ ಹೋಗುತ್ತಿತ್ತು. ಇರಾಕಿನ ಯೂಫ್ರೆಟಿಸ್, ಟೈಗ್ರಿಸ್ ನದಿಗಳು ಉಕ್ಕುತ್ತಿದ್ದದ್ದು ವಸಂತದಲ್ಲಿ, ಸರಿಯಾಗಿ ಬೆಳೆ ಕೊಯ್ಲಿಗೆ ಬಂದಾಗ. ಬಿತ್ತುವಾಗ ನೀರಿಗೆ ಪರದಾಟ, ಕೊಯ್ಯುವಾಗ ಪ್ರವಾಹ. ಹಾಗಾಗಿ ಕಾಲುವೆ ತೋಡಬೇಕು, ಒಡ್ಡು ಹಾಕಬೇಕು, ವರ್ಷವರ್ಷ ಹೂಳೆತ್ತಬೇಕು, ಮೇಲಿನವನು ನೀರು ಕಟ್ಟಿಕೊಂಡರೆ ಕೆಳಗಿನವನ ಹೊಲ ಒಣಗುತ್ತೆ. ಆ ಜಗಳ ಹೇಗಿರುತ್ತೆ ಅಂತ ತುಂಗಭದ್ರಾ ಕಾಲುವೆಯ ಟೇಲೆಂಡ್ ರೈತರನ್ನು ಕೇಳಿದರೆ ಹೇಳುತ್ತಾರೆ.

ಆದರೂ ಕಾಲುವೆಯೊಂದೇ ಕಾರಣ ಅಂದರೆ ನಾನು ಒಪ್ಪಲ್ಲ. ಸಣ್ಣ ಕಾಲುವೆಯನ್ನು ಊರಿನವರೇ ಸೇರಿ ನೋಡಿಕೊಳ್ಳಬಹುದು, ಅದಕ್ಕೆ ದೊರೆ ಯಾಕೆ ಬೇಕು? ನನ್ನ ಪ್ರಕಾರ ದೊಡ್ಡ ಕಾರಣ ಬಾರ್ಲಿ. ಅದು ಊರಿಗೆಲ್ಲ ಒಂದೇ ಸಲ ಬಲಿಯುತ್ತೆ, ಒಣಗಿಸಿಟ್ಟರೆ ಕೆಡಲ್ಲ, ಅಳೆಯಬಹುದು, ದೋಣಿಯಲ್ಲಿ ಸಾಗಿಸಬಹುದು. ದೊರೆಯ ಕಡೆಯವರು ಕೊಯ್ಲಿನ ಹೊತ್ತಿಗೆ ಬಂದು ಕಣದಲ್ಲೇ ಪಾಲು ಕೇಳಬಹುದು. ಪಪುವಾ ನ್ಯೂಗಿನಿಯ ಕೂಕ್‌ನಲ್ಲಿ ಸುಮಾರು 7000 ವರ್ಷಗಳ ಹಿಂದೆಯೇ ಬಾಳೆ ಬೆಳೆಯುತ್ತಿದ್ದರು, ಕೆಸುವಿನ ಗೆಡ್ಡೆಯೂ ಅವರ ಆಹಾರ. ಗೆಡ್ಡೆ ಮಣ್ಣೊಳಗೇ ಇರುತ್ತೆ, ಬೇಕಾದಾಗ ಅಗೆದರಾಯಿತು. ಅದನ್ನು ವರ್ಷಗಟ್ಟಲೆ ಕೂಡಿಡೋದೂ ಕಷ್ಟ, ಕಸಿಯೋದೂ ಕಷ್ಟ. ಅಲ್ಲಿ ಕಣಜವೂ ಏಳಲಿಲ್ಲ, ಪಟ್ಟಣವೂ ಏಳಲಿಲ್ಲ.

ಉರುಕ್‌ನಲ್ಲಿ ನನಗೆ ಮನಸ್ಸು ತಟ್ಟಿದ್ದು ಗುಡಿಗಳಲ್ಲ, ಬಟ್ಟಲುಗಳು. ಅಂಚು ಓರೆಯಾಗಿ ಕತ್ತರಿಸಿದ, ದಪ್ಪ, ಒರಟು ಮಣ್ಣಿನ ಬಟ್ಟಲು. ಚಕ್ರಕ್ಕೂ ಹಾಕದೆ ಅಚ್ಚಿಗೆ ಒತ್ತಿ ಮಾಡಿದ್ದು, ರಾಶಿ ರಾಶಿ ಸಿಕ್ಕಿವೆ. ಕೂಲಿಯವರಿಗೆ ಪಡಿ ಅಳೆದು ಕೊಡೋಕೆ ಇದ್ದವು ಅಂತ ಅನೇಕ ಪಂಡಿತರು ಹೇಳುತ್ತಾರೆ, ರೊಟ್ಟಿ ಸುಡುವ ಅಚ್ಚು ಅನ್ನುವವರೂ ಇದ್ದಾರೆ. ಅಲ್ಲಿನ ಬರಹದಲ್ಲಿ 'ತಿನ್ನು' ಅನ್ನೋದಕ್ಕೆ ಒಂದು ತಲೆ, ಅದರ ಬಾಯಿ ಹತ್ತಿರ ಇಂಥದೇ ಬಟ್ಟಲು ಬರೆದಿದ್ದಾರೆ! ಬರಹ ಶುರುವಾಗಿದ್ದೂ ಕಥೆ ಕಾವ್ಯಕ್ಕಲ್ಲ, ಲೆಕ್ಕಕ್ಕೆ. ಒಂದು ಜೇಡಿಮಣ್ಣಿನ ಹಲಗೆಯಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು, ಕುಶಿಮ್ ಅಂತಿದೆ. ಕುಶಿಮ್ ಒಬ್ಬ ಮನುಷ್ಯನ ಹೆಸರೋ ಹುದ್ದೆಯೋ, ಅಂತೂ ನಮಗೆ ಸಿಕ್ಕಿರುವ ತೀರಾ ಹಳೆಯ ಹೆಸರುಗಳಲ್ಲಿ ಒಂದು ಉಗ್ರಾಣ ನೋಡಿಕೊಳ್ಳುತ್ತಿದ್ದವರದ್ದು. ಆ ಬಟ್ಟಲಲ್ಲಿ ಉಂಡವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿದಿಲ್ಲ, ನಂಗೆ ಅದೇ ಸಂಕಟ.

ನನ್ನ ವಾದಕ್ಕೆ ಒಂದು ದೊಡ್ಡ ತೊಡಕೂ ಇದೆ, ಅದನ್ನು ಮುಚ್ಚಿಡಲ್ಲ. ಪೆರು ದೇಶದ ಕರಾಲ್ ಅನ್ನೋ ಹಳೆಯ ಊರು. ಕ್ರಿ.ಪೂ. 2600ರ ಹೊತ್ತಿಗೆ ಅಲ್ಲಿ ಪಿರಮಿಡ್ಡಿನಂಥ ದೊಡ್ಡ ದಿಬ್ಬಗಳನ್ನು ಕಟ್ಟಿದ್ದರು. ಮಡಕೆ ಇಲ್ಲ, ಬಾರ್ಲಿ ಇಲ್ಲ. ಹತ್ತಿ ಬೆಳೆದು ಬಲೆಗೆ ಕೊಟ್ಟು, ಕರಾವಳಿಯಿಂದ ಸಣ್ಣ ಮೀನು ತರಿಸುತ್ತಿದ್ದರು. ಅಲ್ಲೂ ಮರುಭೂಮಿ, ಅಲ್ಲೂ ನದಿ, ಕಾಲುವೆ. ಒಣಗಿಸಿದ ಮೀನೂ ಬಾರ್ಲಿಯ ಹಾಗೆ ಕೂಡಿಡುವ ವಸ್ತುವೇ ಅಲ್ವಾ? ನಿನಗೇನನಿಸುತ್ತೆ, ಬರಿ.

ನಿನ್ನ,
ಮಂಜು