ದಾಸ್ತಾನನ್ನು ದಿನಗಳಲ್ಲಿ ಎಣಿಸಿ

ಮಾನ್ಯ ಸಂಪಾದಕರೇ,

ರಿಯಾಯಿತಿ ಕಂಡಾಗ ಮನೆಬಳಕೆಯ ಸಾಮಾನನ್ನು ಡಜನ್‌ಗಟ್ಟಲೆ ತಂದಿಡುವವರು ಕಪಾಟಿನಲ್ಲಿ ಎಷ್ಟಿವೆ ಎಂದು ಎಣಿಸುತ್ತಾರೆ. ಎಷ್ಟು ದಿನಕ್ಕೆ ಬರುತ್ತವೆ ಎಂದು ಎಣಿಸುವುದಿಲ್ಲ. ತಪ್ಪುವುದು ಅಲ್ಲೇ.

ಟೂತ್‌ಪೇಸ್ಟನ್ನೇ ತೆಗೆದುಕೊಳ್ಳಿ. ಹೊಸ ಟ್ಯೂಬು ತೆರೆದ ದಿನ ಅದರ ಮೇಲೆಯೇ ತಾರೀಖು ಬರೆದಿಡಿ. 40 ದಿನ ಬಂತು ಎನ್ನೋಣ. ಹಾಗಾದರೆ ವರ್ಷಕ್ಕೆ ಒಂಬತ್ತು ಸಾಕು. 24 ತಂದರೆ 960 ದಿನದ ದಾಸ್ತಾನು. ಅವಧಿ ಎರಡೇ ವರ್ಷವಿದ್ದರೆ ಕೊನೆಯ ಐದಾರು ಟ್ಯೂಬು ಕಸಕ್ಕೇ. ಆ ಅವಧಿ ಶುರುವಾಗುವುದೂ ತಯಾರಾದ ದಿನದಿಂದ, ಕೊಂಡ ದಿನದಿಂದಲ್ಲ.

ಎಲ್ಲ ಸಾಮಾನೂ ಒಂದೇ ಥರ ಕೆಡುವುದಿಲ್ಲ. ಸೋಪಿನ ಬಿಲ್ಲೆ ಧಾರಾಳವಾಗಿ ಇಡಬಹುದು. ಒಣಗಿ ಗಟ್ಟಿಯಾದಷ್ಟೂ ನಿಧಾನ ಕರಗುತ್ತದೆ. ದ್ರವರೂಪದ ಬ್ಲೀಚ್ ಹಾಗಲ್ಲ. ಬಾಟಲಿ ಮುಚ್ಚಿದ್ದರೂ ಒಳಗಿನ ಸೋಡಿಯಂ ಹೈಪೋಕ್ಲೋರೈಟ್ ತಾನಾಗಿಯೇ ಒಡೆಯುತ್ತಾ ಹೋಗುತ್ತದೆ, ಸೆಕೆ ಇದ್ದಲ್ಲಿ ಇನ್ನೂ ಬೇಗ. ವರ್ಷ ಕಳೆದ ಬಾಟಲಿ ತುಂಬಿರುವಂತೆ ಕಂಡರೂ ಸತ್ವ ಇಳಿದಿರುತ್ತದೆ. ಅದನ್ನು ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಪಕ್ಕದಲ್ಲಿ ಮಾತ್ರ ದಯವಿಟ್ಟು ಇಡಬೇಡಿ. ಎರಡೂ ಸೋರಿ ಬೆರೆತರೆ ಹೊರಡುವುದು ಕ್ಲೋರಿನ್ ಅನಿಲ. ಆಲ್ಕಲೈನ್ ಬ್ಯಾಟರಿ ತಂಪಾದ, ಒಣ ಜಾಗದಲ್ಲಿ ವರ್ಷಗಟ್ಟಲೆ ಇರುತ್ತದೆ. ಆದರೆ ಹಳತು-ಹೊಸತು ಜೊತೆಗೆ ಹಾಕಿದರೆ ಹಳತು ಸೋರಿ ತುದಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಸ್ಪ್ರಿಂಗೂ ಹಾಳು. ಹಿಟ್ಟಿನ ಒಂದು ಪೊಟ್ಟಣಕ್ಕೆ ಹುಳು ಬಿದ್ದರೆ ಸಾಲಿಗೆಲ್ಲ ಹರಡುತ್ತದೆ, ಗಾಳಿಯಾಡದ ಡಬ್ಬಿಯೇ ಬೇಕು. ಹೊಸದಾಗಿ ತಂದದ್ದು ಯಾವತ್ತೂ ಹಿಂದಕ್ಕೆ, ಹಳೆಯದು ಮುಂದಕ್ಕೆ.

ಮನೆಯಲ್ಲಿರುವ ವಸ್ತು ಹುಡುಕಿದರೆ ಸಿಗದೆ ಮತ್ತೆ ಕೊಳ್ಳುವಂತಾಯಿತೇ? ಮಂಚದ ಮೇಲೆ ರಟ್ಟಿನ ಪೆಟ್ಟಿಗೆ ಬಂದು ಕೂತಿತೇ? ಅಲ್ಲಿಗೆ ಅದು ಮಿತವ್ಯಯವಲ್ಲ. ಬೆಲೆಯಿಲ್ಲದ್ದನ್ನೂ ಬಿಡಲಾಗದೆ ಸಂಕಟಪಡುವುದು, ಕೋಣೆಗಳೇ ಬಳಕೆಗೆ ಬಾರದಂತಾಗುವುದು ಕಾಯಿಲೆಯ ಲಕ್ಷಣ. ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಎಂದೇ ಸೇರಿಸಿದೆ. ಸೋಮಾರಿತನ ಎಂದು ಬೈಯುವುದು ಅನ್ಯಾಯ. ಹೀಗೆ ಕೂಡಿಡುವವರು ಇಲ್ಲದಾಗ ಮನೆಯವರು ಎಲ್ಲವನ್ನೂ ಎತ್ತಿ ಎಸೆದರೆ ನಂಬಿಕೆ ಮುರಿಯುತ್ತದೆ, ರಾಶಿ ಮತ್ತೆ ಬೆಳೆಯುತ್ತದೆ. ಆಪ್ತ ಸಮಾಲೋಚಕರ ನೆರವು ಪಡೆಯಿರಿ. ಅಷ್ಟರೊಳಗೆ, ಅವರನ್ನು ಜೊತೆಗಿಟ್ಟುಕೊಂಡೇ ಒಲೆಯ ಸುತ್ತ ಮತ್ತು ಹೊರಬಾಗಿಲಿನವರೆಗಿನ ದಾರಿಯನ್ನಾದರೂ ಮೊದಲು ತೆರವು ಮಾಡಿ. ಬೆಂಕಿ ಬಿದ್ದರೆ ಹೊರಗೆ ಓಡಲು ಇರುವುದು ಅದೊಂದೇ.